ಮುಳಬಾಗಿಲಿನಿಂದ ಜಕ್ಕೂರಿನವರೆಗೆ: ಸೌಂದರ್ಯ ಏರಿದ ಕೊನೆಯ ವಿಮಾನ

ಕೋಲಾರ: ಜಿಲ್ಲೆಯ ಪೂರ್ವದ ಗಡಿಯಲ್ಲಿರುವ ಮುಳಬಾಗಿಲು ಸಾಹಿತ್ಯಾಭಿಮಾನಿಗಳಿಗೆ ಡಿ.ವಿ. ಗುಂಡಪ್ಪನವರ ಹುಟ್ಟೂರು. ಭಕ್ತರಿಗೆ ಅದು ಆಂಜನೇಯನ ಊರು, ಶ್ರೀಪಾದರಾಜರ ಊರು. ಹೆದ್ದಾರಿಯಲ್ಲಿ ತಿರುಪತಿಗೆ ಹೋಗುವವರಿಗೆ ದೋಸೆಯ ಊರು. ಸಿನಿಮಾ ಪ್ರೇಕ್ಷಕರಿಗೆ ಮಾತ್ರ ಆ ಹೆಸರಿನೊಡನೆ ನೆನಪಾಗುವುದು ನಟಿ ಸೌಂದರ್ಯ. ಐದು ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಈ ಕಲಾವಿದೆ 2004ರ ಏಪ್ರಿಲ್ 17ರ ಶನಿವಾರ ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. ಆಗ ಅವರ ವಯಸ್ಸು 31.

ಅವರ ಚಿತ್ರಗಳ ಕುರಿತು ಸಾಕಷ್ಟು ಬರೆಯಲಾಗಿದೆ. ಅವರು ಏರಿದ ಆ ನಾಲ್ಕು ಆಸನಗಳ ವಿಮಾನ ಎಂಥದು, ಅಂಥ ವಿಮಾನಗಳು ಯಾವ ನಿಯಮದಡಿ ಹಾರುತ್ತವೆ, ಅವುಗಳನ್ನು ಹಾರಿಸುವುದನ್ನು ಕಲಿಯುವವರು ಯಾರು, ಕಲಿಸುವವರು ಯಾರು ಎಂಬ ಪ್ರಶ್ನೆಗಳು ಮಾತ್ರ ಶೋಕದ ಸುದ್ದಿಗಳ ನಡುವೆ ಹಿಂದೆ ಸರಿದವು. ಒಬ್ಬ ಪ್ರಸಿದ್ಧ ವ್ಯಕ್ತಿಯ ಬದುಕನ್ನು ಹೇಳುವಾಗ ಯಂತ್ರದ ವಿಚಾರವೇಕೆ ಎಂದು ಓದುಗರಿಗೆ ಅನ್ನಿಸಬಹುದು. ಆ ಬದುಕು ಮುಗಿದದ್ದೇ ಆ ಯಂತ್ರದಲ್ಲಾದ್ದರಿಂದ ಎರಡನ್ನೂ ಒಟ್ಟಿಗೆ ಹೇಳುವುದು ಅನಿವಾರ್ಯ.

ಸೌಂದರ್ಯ ಅವರ ಮೊದಲ ಹೆಸರು ಸೌಮ್ಯ. ಜನನ 1972ರ ಜುಲೈ 18. ತಂದೆ ಕೆ.ಎಸ್. ಸತ್ಯನಾರಾಯಣ ಕನ್ನಡ ಚಿತ್ರರಂಗದಲ್ಲಿ ಬರಹಗಾರರಾಗಿ, ನಿರ್ಮಾಪಕರಾಗಿ ದುಡಿದವರು. ಹೀಗಾಗಿ ಮನೆಗೆ ಸಿನಿಮಾ ಹೊಸದಾಗಿರಲಿಲ್ಲ. ಆದರೂ ಮಗಳು ಹಿಡಿದ ದಾರಿ ಬೇರೆಯಾಗಿತ್ತು. ವೈದ್ಯಕೀಯ ಪದವಿಗೆ ಸೇರಿದ್ದ ಅವರು ಮೊದಲ ವರ್ಷದಲ್ಲೇ ಓದು ನಿಲ್ಲಿಸಿ ಕ್ಯಾಮೆರಾ ಎದುರು ನಿಂತರು. 1992ರಲ್ಲಿ ತೆರೆಗೆ ಬಂದ ‘ಗಂಧರ್ವ’ ಅವರ ಮೊದಲ ಚಿತ್ರ. ನಿರ್ದೇಶಕರು ಹಂಸಲೇಖ.

ಕನ್ನಡದಲ್ಲಿ ಒಂದೆರಡು ಚಿತ್ರಗಳಾಗುವಷ್ಟರಲ್ಲಿ ತೆಲುಗು ಕರೆಯಿತು. ಕೋಲಾರದ ಗಡಿ ತಾಲ್ಲೂಕುಗಳಲ್ಲಿ ಸಂತೆಯ ವ್ಯವಹಾರದಿಂದ ಮದುವೆಯ ಸಂಬಂಧದವರೆಗೆ ಕನ್ನಡ, ತೆಲುಗು ಒಂದೇ ಬಾವಿಯ ನೀರಿನಂತೆ ಬಳಕೆಯಾಗುತ್ತವೆ. ಇಲ್ಲಿನವರಿಗೆ ಗಡಿಯಾಚೆಯ ಊರು ಪರವೂರಲ್ಲ. ಸೌಂದರ್ಯ ಅವರನ್ನು ತೆಲುಗು ಪ್ರೇಕ್ಷಕರು ತಮ್ಮ ಮನೆಯ ಮಗಳೆಂದು ಒಪ್ಪಿಕೊಂಡ ವೇಗ ನೋಡಿದರೆ ಈ ಮಾತು ನೆನಪಾಗುತ್ತದೆ. 1993ರಲ್ಲಿ ‘ರಾಜೇಂದ್ರುಡು ಗಜೇಂದ್ರುಡು’, 1994ರಲ್ಲಿ ‘ಹಲೋ ಬ್ರದರ್’, 1995ರಲ್ಲಿ ‘ಅಮ್ಮೋರು’, 1996ರಲ್ಲಿ ‘ಪವಿತ್ರ ಬಂಧಂ’ ಹೀಗೆ ಒಂದರ ಹಿಂದೊಂದು ಯಶಸ್ಸು. ‘ಅಮ್ಮೋರು’ ಚಿತ್ರದ ಅಮಾಯಕ ಭಕ್ತೆಯ ಪಾತ್ರ ಹಳ್ಳಿ ಹಳ್ಳಿಯ ಹೆಂಗಸರನ್ನು ಚಿತ್ರಮಂದಿರಕ್ಕೆ ಕರೆತಂದಿತು. 1998ರ ‘ಅಂತಃಪುರಂ’ ಅವರ ನಟನಾಶಕ್ತಿಯ ಇನ್ನೊಂದು ಮುಖ ತೋರಿತು. ತಮಿಳಿನಲ್ಲಿ ರಜನಿಕಾಂತ್ ಜೊತೆ ‘ಅರುಣಾಚಲಂ’, ‘ಪಡೆಯಪ್ಪ’. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಜೊತೆ 1999ರ ‘ಸೂರ್ಯವಂಶಂ’. ಬಿಡುಗಡೆಯಾದಾಗ ಅಷ್ಟಾಗಿ ಗೆಲ್ಲದ ಈ ಹಿಂದಿ ಚಿತ್ರ ಕಿರುತೆರೆಯಲ್ಲಿ ಪದೇ ಪದೇ ಪ್ರಸಾರವಾಗಿ, ಸೌಂದರ್ಯ ಅವರ ಹೆಸರೇ ಗೊತ್ತಿಲ್ಲದ ಉತ್ತರ ಭಾರತದ ಮನೆಗಳಲ್ಲೂ ಅವರ ಮುಖವನ್ನು ಪರಿಚಿತವಾಗಿಸಿದೆ.

ಮೈಮಾಟವನ್ನು ಮುಂದಿಡದೆ ಅಗ್ರ ನಾಯಕಿಯಾಗಿ ಹತ್ತು ವರ್ಷ ನಿಲ್ಲುವುದು ಆ ಕಾಲದ ತೆಲುಗು ಚಿತ್ರರಂಗದಲ್ಲಿ ಸುಲಭದ ಕೆಲಸವಾಗಿರಲಿಲ್ಲ. ಸೌಂದರ್ಯ ಅದನ್ನು ಸಾಧಿಸಿದರು. ಆದರೆ ಅವರ ವೃತ್ತಿಜೀವನದ ಅತ್ಯಂತ ದಿಟ್ಟ ನಿರ್ಧಾರ ಯಾವುದೆಂದು ಕೇಳಿದರೆ ಈ ವರದಿಗಾರನ ಉತ್ತರ ‘ದ್ವೀಪ’. ಜನಪ್ರಿಯತೆಯ ತುದಿಯಲ್ಲಿದ್ದಾಗ, ತೆಲುಗಿನಲ್ಲಿ ಗಳಿಸಿದ ಹಣವನ್ನು ಕನ್ನಡದ ಗಂಭೀರ ಚಿತ್ರವೊಂದಕ್ಕೆ ತೊಡಗಿಸಿ ನಿರ್ಮಾಪಕಿಯಾದರು. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ಈ ಚಿತ್ರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತಿರುವ ಸೀತಾಪರ್ವತವೆಂಬ ಊರಿನ ಕಥೆ. ಎಲ್ಲರೂ ಊರು ಬಿಟ್ಟ ಮೇಲೂ ಉಳಿಯುವ ಪುಟ್ಟ ಸಂಸಾರದಲ್ಲಿ ಸೌಂದರ್ಯ ಅವರದು ನಾಗಿಯ ಪಾತ್ರ. ಮಳೆಗಾಲದ ರಾತ್ರಿಯೊಂದರಲ್ಲಿ ಮನೆಯನ್ನು ಉಳಿಸಿಕೊಳ್ಳಲು ನಾಗಿ ಒಬ್ಬಳೇ ಸೆಣಸುತ್ತಾಳೆ. ಬೆಳಗಾದ ಮೇಲೆ ಗಂಡ ಅದರ ಶ್ರೇಯಸ್ಸನ್ನು ದೇವರಿಗೆ ಒಪ್ಪಿಸುತ್ತಾನೆ. ಆಗ ನಾಗಿಯ ಮುಖದಲ್ಲಿ ಹಾದುಹೋಗುವ ಭಾವಕ್ಕೆ ಮಾತಿನ ಅಗತ್ಯವಿಲ್ಲ. ಅತ್ಯುತ್ತಮ ಚಲನಚಿತ್ರಕ್ಕೆ ಮೀಸಲಾದ ರಾಷ್ಟ್ರೀಯ ಪ್ರಶಸ್ತಿಯ ಸ್ವರ್ಣಕಮಲ ‘ದ್ವೀಪ’ಕ್ಕೆ ಬಂತು. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಸೌಂದರ್ಯ ಅವರಿಗೆ ಸಂದಿತು.

2003ರ ಏಪ್ರಿಲ್ 27ರಂದು ಅವರ ವಿವಾಹ ನೆರವೇರಿತು. ಪತಿ ಸಾಫ್ಟ್‌ವೇರ್ ಎಂಜಿನಿಯರ್. ಮರುವರ್ಷದ ಆರಂಭದಲ್ಲಿ ಲೋಕಸಭೆಗೂ, ಕರ್ನಾಟಕ ಹಾಗೂ ಆಂಧ್ರ ವಿಧಾನಸಭೆಗಳಿಗೂ ಒಟ್ಟಿಗೆ ಚುನಾವಣೆ ಘೋಷಣೆಯಾಯಿತು. ಭಾರತೀಯ ಜನತಾ ಪಕ್ಷ ಸೇರಿದ ಸೌಂದರ್ಯ ಪ್ರಚಾರಕ್ಕೆ ಇಳಿದರು. ಆಂಧ್ರದಲ್ಲಿ ಆಗ ಬಿಜೆಪಿ ಮತ್ತು ತೆಲುಗುದೇಶಂ ಮಿತ್ರಪಕ್ಷಗಳು. ಎರಡು ರಾಜ್ಯಗಳ ಮತದಾರರಿಗೂ ಬೇಕಾದ ತಾರೆ ಇವರೊಬ್ಬರೇ ಎನ್ನುವಂತಿದ್ದರು. ಏಪ್ರಿಲ್ 20ರಂದು ಮತದಾನದ ಮೊದಲ ಹಂತ. 17ರಂದು ಅವರು ತಲುಪಬೇಕಿದ್ದದ್ದು ಕರೀಂನಗರ.

ಬೆಂಗಳೂರಿನಿಂದ ಕರೀಂನಗರಕ್ಕೆ ನೇರ ಗೆರೆ ಎಳೆದರೂ 600 ಕಿಲೋಮೀಟರಿಗೂ ಹೆಚ್ಚು. ರಸ್ತೆಯಲ್ಲಿ ಹೋದರೆ ಒಂದು ಹಗಲು ಸಾಲದು. ಚಿಕ್ಕ ವಿಮಾನವಾದರೆ ಎರಡೂವರೆ ಗಂಟೆಯ ದಾರಿ. ಬಹಿರಂಗ ಪ್ರಚಾರ ಮುಗಿಯಲು ದಿನಗಳಲ್ಲ, ಗಂಟೆಗಳ ಲೆಕ್ಕವಿರುವಾಗ ಯಾವ ಪಕ್ಷವಾದರೂ ಆಯ್ದುಕೊಳ್ಳುವುದು ಎರಡನೆಯದನ್ನೇ.

ಜಕ್ಕೂರು ಏರೋಡ್ರೋಮ್ ಇರುವುದು ಬಳ್ಳಾರಿ ರಸ್ತೆಯ ಪಕ್ಕದಲ್ಲಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮೈಸೂರಿನ ಮಹಾರಾಜರ ಆಸಕ್ತಿಯಿಂದ ಇಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. ನಾಡಿನ ಎಷ್ಟೋ ಪೈಲಟ್‌ಗಳು ಮೊದಲ ಬಾರಿ ನೆಲ ಬಿಟ್ಟದ್ದು ಇದೇ ರನ್‌ವೇಯಿಂದ. ಸರ್ಕಾರಿ ಶಾಲೆಯ ಜೊತೆಗೆ ಖಾಸಗಿ ಸಂಸ್ಥೆಗಳ ಹ್ಯಾಂಗರ್‌ಗಳೂ ಕಾಲಕ್ರಮದಲ್ಲಿ ಬಂದವು. ದೊಡ್ಡ ವಿಮಾನಗಳ ಪ್ರಯಾಣಿಕರು ಆಗ ಎಚ್‌ಎಎಲ್ ನಿಲ್ದಾಣಕ್ಕೆ ಹೋಗುತ್ತಿದ್ದರು. ದೇವನಹಳ್ಳಿಯ ನಿಲ್ದಾಣ ಆರಂಭವಾದದ್ದು 2008ರಲ್ಲಿ. ಸಣ್ಣ ವಿಮಾನದಲ್ಲಿ ಹೋಗುವವರಿಗೆ ಜಕ್ಕೂರೇ ಬಾಗಿಲು.

ಅಂದು ಸಿದ್ಧವಾಗಿದ್ದದ್ದು ಖಾಸಗಿ ಸಂಸ್ಥೆಯೊಂದಕ್ಕೆ ಸೇರಿದ ಸೆಸ್ನಾ 180. ಅಮೆರಿಕದಲ್ಲಿ 1953ರಿಂದ 1981ರವರೆಗೆ ತಯಾರಾದ, ಒಂದೇ ಎಂಜಿನ್‌ನ, ಬಾಲದ ತುದಿಯಲ್ಲಿ ಮೂರನೇ ಗಾಲಿಯಿರುವ ವಿಮಾನವಿದು. ಒರಟು ನೆಲದಲ್ಲಿ ಇಳಿಯಲು, ಗಿಡ್ಡ ರನ್‌ವೇಯಿಂದ ಏರಲು ಹೇಳಿ ಮಾಡಿಸಿದ್ದೆಂದು ಅದಕ್ಕೆ ಹೆಸರು. ಆದರೆ ಬಾಲಗಾಲಿಯ ವಿಮಾನ ನೆಲದ ಮೇಲೆ ಓಡುವಾಗ ಹಿಂಭಾಗ ಪಕ್ಕಕ್ಕೆ ಸರಿಯುವ ಸ್ವಭಾವದ್ದು. ಮೂಗಿನ ಕೆಳಗೆ ಗಾಲಿಯಿರುವ ವಿಮಾನದಲ್ಲಿ ಕಲಿತವರು ಇದನ್ನು ಹಾರಿಸಬೇಕಾದರೆ ಪ್ರತ್ಯೇಕವಾಗಿ ಪಾಠ ಹೇಳಿಸಿಕೊಳ್ಳುವುದು ಎಲ್ಲ ದೇಶಗಳಲ್ಲೂ ಇರುವ ವಾಡಿಕೆ. ಇದೇ ಮಾದರಿಯ ವಿಮಾನದಲ್ಲಿ ಅಮೆರಿಕದ ಗೃಹಿಣಿ ಜೆರಿ ಮಾಕ್ ಏಕಾಂಗಿಯಾಗಿ ಭೂಮಂಡಲವನ್ನು ಸುತ್ತಿದರು. ಆ ಸಾಧನೆ ಮಾಡಿದ ಮೊದಲ ಮಹಿಳೆ ಅವರು. 29 ದಿನಗಳ ಯಾನ ಮುಗಿಸಿ ಅವರು ಕೊಲಂಬಸ್‌ನಲ್ಲಿ ಇಳಿದದ್ದು 1964ರ ಏಪ್ರಿಲ್ 17. ಜಕ್ಕೂರಿನ ದುರಂತಕ್ಕೆ ಸರಿಯಾಗಿ ನಲವತ್ತು ವರ್ಷ ಮೊದಲು. ಇದು ಕೇವಲ ಆಕಸ್ಮಿಕ, ಅದರಲ್ಲಿ ಅರ್ಥ ಹುಡುಕಬೇಕಾಗಿಲ್ಲ. ಆದರೆ ಆ ಮಾದರಿಯ ವಿಮಾನವೇ ಅಪಾಯಕಾರಿಯೆಂದು ಅಂದು ಕೆಲವರು ಆಡಿದ ಮಾತಿಗೆ ಇದು ಉತ್ತರವಾದೀತು.

ವಿಮಾನದಲ್ಲಿ ನಾಲ್ವರಿದ್ದರು: ಪೈಲಟ್, ಸೌಂದರ್ಯ, ಚಿತ್ರೀಕರಣಗಳಿಗೂ ಜೊತೆಯಾಗಿ ಹೋಗುತ್ತಿದ್ದ ಸಹೋದರ ಅಮರನಾಥ್ ಮತ್ತು ಪ್ರಚಾರಕ್ಕೆ ಹೊರಟಿದ್ದ ಒಬ್ಬ ಕಾರ್ಯಕರ್ತ. ಬೆಳಿಗ್ಗೆ 11 ಗಂಟೆ ದಾಟಿ ಐದು ನಿಮಿಷವಾಗಿತ್ತು. ನೆಲ ಬಿಟ್ಟ ವಿಮಾನ ಸುಮಾರು ನೂರು ಅಡಿ ಏರುವಷ್ಟರಲ್ಲಿ ಓಲಾಡಿ, ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ಹೊತ್ತಿಕೊಂಡಿತು. ಪ್ರಾಯೋಗಿಕ ತಾಕುಗಳಲ್ಲಿ ದುಡಿಯುತ್ತಿದ್ದವರು ಓಡಿ ಬಂದರೂ ಯಾರನ್ನೂ ಉಳಿಸಲಾಗಲಿಲ್ಲ. ದೂರದ ಪ್ರಯಾಣಕ್ಕೆಂದು ಇಂಧನ ತುಂಬಿದ ವಿಮಾನದ ಬೆಂಕಿಗೆ ಹತ್ತಿರ ಹೋಗುವುದು ಸಾಧ್ಯವೂ ಇರಲಿಲ್ಲ.

ನೂರು ಅಡಿ ಎಂದರೆ ಹತ್ತು ಅಂತಸ್ತಿನ ಕಟ್ಟಡದ ಎತ್ತರ. ಒಂದೇ ಎಂಜಿನ್‌ನ ವಿಮಾನಕ್ಕೆ ಇದಕ್ಕಿಂತ ಕಷ್ಟದ ಜಾಗ ಆಕಾಶದಲ್ಲಿ ಇನ್ನೊಂದಿಲ್ಲ. ಮೂರು ಸಾವಿರ ಅಡಿಯಲ್ಲಿ ತೊಂದರೆ ಎದುರಾದರೆ ತೇಲುತ್ತ ಇಳಿದು ಹೊಲವೊಂದನ್ನು ಹುಡುಕಲು ನಿಮಿಷಗಳ ಅವಕಾಶವಿರುತ್ತದೆ. ನೂರು ಅಡಿಯಲ್ಲಿ ಸಿಗುವುದು ಕೆಲವೇ ಸೆಕೆಂಡು. ಆಗ ರನ್‌ವೇಗೆ ಹಿಂತಿರುಗುವ ಆಸೆ ಯಾರಿಗಾದರೂ ಹುಟ್ಟುತ್ತದೆ. ವೇಗ ಕಡಿಮೆಯಿದ್ದಾಗ ಕಡಿದಾಗಿ ತಿರುಗಿಸಿದರೆ ರೆಕ್ಕೆಗಳು ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಆದ್ದರಿಂದಲೇ ವಿಮಾನ ಕಲಿಸುವವರು ಮೊದಲ ದಿನಗಳಿಂದ ಶಿಷ್ಯರ ತಲೆಗೆ ತುಂಬುವ ಪಾಠ ಒಂದಿದೆ: ಮೂಗು ತಗ್ಗಿಸು, ವೇಗ ಉಳಿಸಿಕೋ, ಮುಂದೆ ಏನಿದೆಯೋ ಅಲ್ಲಿಯೇ ಇಳಿಸು.

ಬೆಂಗಳೂರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ನಗರ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್‌ನ ಬಿಸಿಲು 30 ಡಿಗ್ರಿ ಮುಟ್ಟಿದರೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು 5,500 ಅಡಿಯ ಬೆಟ್ಟದ ಮೇಲಿನ ರನ್‌ವೇ ಆಗುತ್ತದೆ. ಎಂಜಿನ್ ಸೊರಗುತ್ತದೆ, ಓಟ ಉದ್ದವಾಗುತ್ತದೆ, ಏರುವಿಕೆ ನಿಧಾನವಾಗುತ್ತದೆ. ನಾಲ್ಕು ಆಸನಗಳಿವೆ ಎಂಬ ಮಾತ್ರಕ್ಕೆ ನಾಲ್ಕು ಜನ, ತುಂಬು ಇಂಧನ, ಸಾಮಾನು ಎಲ್ಲವನ್ನೂ ಹೇರಬಹುದೆಂದಲ್ಲ. ಹಾರಾಟಕ್ಕೆ ಮುನ್ನ ತೂಕದ ಲೆಕ್ಕ ಬರೆಯುವುದು ಇದೇ ಕಾರಣಕ್ಕೆ. ಆಟೋರಿಕ್ಷಾದಲ್ಲಿ ಒಬ್ಬರನ್ನು ಹೆಚ್ಚಿಗೆ ಕೂರಿಸಿಕೊಂಡು ಅಭ್ಯಾಸವಾದ ನಮಗೆ ಈ ಲೆಕ್ಕ ಅತಿಯೆನಿಸಬಹುದು. ವಿಮಾನಕ್ಕೆ ಅದೇ ಪ್ರಾಣ.

ಇನ್ನು ನಿಯಮಗಳ ಮಾತು. ಭಾರತದಲ್ಲಿ ನೋಂದಣಿಯಾದ ಪ್ರತಿ ವಿಮಾನದ ಹಾರಾಟಯೋಗ್ಯತಾ ಪತ್ರದಲ್ಲಿ ಅದರ ಬಳಕೆ ಯಾವುದೆಂದು ನಮೂದಾಗಿರುತ್ತದೆ. ಖಾಸಗಿ ಬಳಕೆಯ ವಿಮಾನವನ್ನು ಮಾಲೀಕ ತನ್ನ ಓಡಾಟಕ್ಕೆ ಬಳಸಬಹುದು, ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ. ಹಣ ಪಡೆದು ಒಯ್ಯಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ನೀಡುವ ನಿಗದಿತವಲ್ಲದ ವಾಯುಸೇವೆಯ ಪರವಾನಗಿ ಬೇಕು. ಪೈಲಟ್ ವಿಷಯದಲ್ಲೂ ಇದೇ ಗೆರೆ. 40 ಗಂಟೆಗಳ ಹಾರಾಟದೊಂದಿಗೆ ದೊರೆಯುವ ಖಾಸಗಿ ಪೈಲಟ್ ಲೈಸೆನ್ಸ್ ಇದ್ದವರು ಸಂಭಾವನೆ ಪಡೆದು ಹಾರಿಸುವಂತಿಲ್ಲ. ಅದಕ್ಕೆ 200 ಗಂಟೆಗಳ ಅನುಭವದ ವಾಣಿಜ್ಯ ಲೈಸೆನ್ಸ್ ಇರಬೇಕು. ಕಲಿಸುವುದಕ್ಕಂತೂ ಇದರ ಮೇಲೆ ತರಬೇತುದಾರನ ಅರ್ಹತೆ ಪ್ರತ್ಯೇಕವಾಗಿ ಗಳಿಸಬೇಕು. ಹೊಸದಾಗಿ ಆ ಅರ್ಹತೆ ಪಡೆದ ಸಹಾಯಕ ತರಬೇತುದಾರ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿಯೇ ಪಾಠ ಹೇಳಬೇಕು.

ಅಮೆರಿಕದಲ್ಲಿ ವಿಮಾನ ಕೊಂಡವರು ತಮಗೆ ಬೇಕಾದ ತರಬೇತುದಾರನನ್ನು ಗೊತ್ತು ಮಾಡಿಕೊಂಡು ಸ್ವಂತ ವಿಮಾನದಲ್ಲೇ ಕಲಿಯುವುದು ಸಾಮಾನ್ಯ. ನಮ್ಮಲ್ಲಿ ಮನೆಪಾಠದ ಮೇಷ್ಟರಂತೆ ಹ್ಯಾಂಗರಿನಿಂದ ಹ್ಯಾಂಗರಿಗೆ ಹೋಗಿ ಕಲಿಸುವ ಪದ್ಧತಿ ಬೆಳೆಯಲಿಲ್ಲ. ಲೈಸೆನ್ಸ್‌ಗಾಗಿ ಕಲಿಯುವವರು ಅನುಮತಿ ಪಡೆದ ತರಬೇತಿ ಸಂಸ್ಥೆ ಅಥವಾ ಕ್ಲಬ್‌ಗೆ ಹೋಗುತ್ತಾರೆ. ಇದರಿಂದ ವೆಚ್ಚ ಹೆಚ್ಚು, ಕಾಯುವ ದಿನಗಳೂ ಹೆಚ್ಚು ಎಂಬ ಗೊಣಗು ಹಳೆಯದು. ಆದರೆ ಸ್ವತಂತ್ರ ತರಬೇತುದಾರನ ಪಾಡೂ ಸುಖದ್ದಲ್ಲ. ವಿಮೆಯ ಪತ್ರದಲ್ಲಿ ಮಾಲೀಕನ ಹೆಸರಿದ್ದು ತನ್ನ ಹೆಸರಿಲ್ಲದಿದ್ದರೆ ಅಪಘಾತದ ಹೊಣೆ ಅವನ ಸ್ವಂತ ಕಿಸೆಗೆ ಬರಬಹುದು. ವಿಮಾನದ ದುರಸ್ತಿಯ ದಾಖಲೆ ಮಾಲೀಕ ಹೇಳಿದಷ್ಟೇ ಅವನಿಗೆ ಗೊತ್ತು. ಎಲ್ಲಕ್ಕಿಂತ ಮಿಗಿಲಾಗಿ, ಸಂಬಳ ಕೊಡುವ ಧಣಿಯೇ ಶಿಷ್ಯನಾಗಿರುವಾಗ ಇಂದು ಹಾರುವುದು ಬೇಡವೆಂದು ಹೇಳುವುದು ಎಷ್ಟು ಜನರಿಂದ ಸಾಧ್ಯ?

ಈ ಕಷ್ಟಕ್ಕೆ ದೇಶ ಕಂಡ ಕಠೋರ ಉದಾಹರಣೆ 1980ರ ಜೂನ್ 23ರದು. ಅಂದು ದೆಹಲಿಯ ಸಫ್ದರ್‌ಜಂಗ್‌ನಿಂದ ಪಿಟ್ಸ್ ವಿಮಾನದಲ್ಲಿ ಹಾರಿದ ಸಂಜಯ್ ಗಾಂಧಿ ತಗ್ಗಿನ ಎತ್ತರದಲ್ಲಿ ಕಸರತ್ತು ನಡೆಸುವಾಗ ನೆಲಕ್ಕಪ್ಪಳಿಸಿ ಮಡಿದರು. ಜೊತೆಗಿದ್ದ ದೆಹಲಿ ಫ್ಲೈಯಿಂಗ್ ಕ್ಲಬ್‌ನ ತರಬೇತುದಾರ ಸುಭಾಷ್ ಸಕ್ಸೇನಾ ಅವರೂ ಉಳಿಯಲಿಲ್ಲ. ಒಬ್ಬರ ಹೆಸರು ಚರಿತ್ರೆಗೆ ಸೇರಿತು, ಇನ್ನೊಬ್ಬರದು ಅಡಿಟಿಪ್ಪಣಿಗೆ. ಜಕ್ಕೂರಿನಲ್ಲೂ ಹಾಗೆಯೇ ಆಯಿತು. ನಾಲ್ಕು ಮನೆಗಳಿಗೆ ಸೂತಕ ತಟ್ಟಿದ ದಿನದಂದು ಲೋಕ ನೆನೆದದ್ದು ಒಂದು ಹೆಸರನ್ನು.

ಚುನಾವಣೆಯ ಹಾರಾಟದಲ್ಲಿ ಈ ಒತ್ತಡ ಇಮ್ಮಡಿಯಾಗುತ್ತದೆ. ಸಭೆಯ ಸಮಯ ಮೊದಲೇ ನಿಗದಿಯಾಗಿರುತ್ತದೆ, ಜನ ಬಿಸಿಲಲ್ಲಿ ಕಾದಿರುತ್ತಾರೆ, ಇಳಿಯುವ ಜಾಗ ಪೈಲಟ್‌ಗೆ ಅಪರಿಚಿತವಾಗಿರುತ್ತದೆ. 2001ರ ಸೆಪ್ಟೆಂಬರ್ 30ರಂದು ಕಾನ್ಪುರದ ಸಭೆಗೆ ಹೊರಟಿದ್ದ ಮಾಧವರಾವ್ ಸಿಂಧಿಯಾ ಮೈನ್‌ಪುರಿ ಬಳಿ ಚಿಕ್ಕ ವಿಮಾನ ಉರುಳಿ ಅಸುನೀಗಿದರು. 2002ರ ಮಾರ್ಚ್ 3ರಂದು ಲೋಕಸಭಾಧ್ಯಕ್ಷ ಜಿ.ಎಂ.ಸಿ. ಬಾಲಯೋಗಿ ಆಂಧ್ರದ ಕೈಕಲೂರು ಬಳಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಸೌಂದರ್ಯ ಅವರ ನಂತರವೂ ಈ ಸಾಲು ನಿಲ್ಲಲಿಲ್ಲ: 2005ರಲ್ಲಿ ಹರಿಯಾಣದ ಸಚಿವ ಒ.ಪಿ. ಜಿಂದಾಲ್, 2009ರಲ್ಲಿ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ, 2011ರಲ್ಲಿ ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು. ಚುನಾವಣೆ ಬಂದಾಗ ಸಣ್ಣ ವಿಮಾನ, ಹೆಲಿಕಾಪ್ಟರ್‌ಗಳ ಬಗ್ಗೆ ಡಿಜಿಸಿಎ ಮುನ್ನೆಚ್ಚರಿಕೆಯ ಸೂಚನೆ ಹೊರಡಿಸುವುದು ಈಗ ರೂಢಿಯಾಗಿದೆ.

2004ರಲ್ಲಿ ನಿಯಮ ರೂಪಿಸುವ ಡಿಜಿಸಿಎಯೇ ಅಪಘಾತಗಳ ತನಿಖೆಯನ್ನೂ ನೋಡಿಕೊಳ್ಳುತ್ತಿತ್ತು. ತನ್ನ ಮೇಲ್ವಿಚಾರಣೆಯಲ್ಲೇ ಲೋಪವಿದ್ದರೆ ಅದನ್ನು ತಾನೇ ಹೇಳಿಕೊಳ್ಳಬೇಕಾದ ಇಕ್ಕಟ್ಟು ಈ ಏರ್ಪಾಡಿನಲ್ಲಿತ್ತು. 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಬೇರೆಯಾಗಿ ಸ್ಥಾಪನೆಯಾಯಿತು. ಬ್ರಿಟಿಷರ ಕಾಲದ 1934ರ ವಿಮಾನ ಕಾಯಿದೆಯ ಸ್ಥಾನಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಕಾಗದದ ಮೇಲಿನ ಬದಲಾವಣೆ ಸಣ್ಣದಲ್ಲ. ಆದರೆ ಸಣ್ಣ ವಿಮಾನ ಏರುವ ಅತಿಥಿ ಆ ವಿಮಾನದ ಪರವಾನಗಿ ಯಾವ ಬಗೆಯದು, ಪೈಲಟ್ ಆ ಮಾದರಿಯಲ್ಲಿ ಎಷ್ಟು ಗಂಟೆ ಹಾರಿಸಿದ್ದಾರೆ, ತೂಕದ ಲೆಕ್ಕ ಹಾಕಲಾಗಿದೆಯೇ ಎಂದು ಕೇಳುವ ಪದ್ಧತಿ ಇನ್ನೂ ಬಂದಿಲ್ಲ. ಕೇಳಿದರೆ ಆತಿಥ್ಯಕ್ಕೆ ಅವಮಾನ ಮಾಡಿದಂತೆ ಎಂಬ ದಾಕ್ಷಿಣ್ಯ ನಮ್ಮದು. ಬಾಡಿಗೆ ಕಾರು ಹತ್ತುವಾಗ ಟೈರು ಸವೆದಿದೆಯೇ ಎಂದು ಬಗ್ಗಿ ನೋಡುವವರೂ ವಿಮಾನದ ಮೆಟ್ಟಿಲ ಬಳಿ ಸುಮ್ಮನಾಗುತ್ತಾರೆ.

ಮದುವೆಯ ಮೊದಲ ವಾರ್ಷಿಕೋತ್ಸವಕ್ಕೆ ಹತ್ತು ದಿನ ಬಾಕಿಯಿದ್ದಾಗ ಸೌಂದರ್ಯ ತೀರಿಕೊಂಡರು. ಅವರು ನಟಿಸಿ ಮುಗಿಸಿದ್ದ ‘ಆಪ್ತಮಿತ್ರ’ ಅದೇ ವರ್ಷದ ಆಗಸ್ಟ್ 27ರಂದು ತೆರೆ ಕಂಡಿತು. ಪಿ. ವಾಸು ನಿರ್ದೇಶನದ, ದ್ವಾರಕೀಶ್ ನಿರ್ಮಾಣದ ಈ ಚಿತ್ರದಲ್ಲಿ ವಿಷ್ಣುವರ್ಧನ್ ನಾಯಕ. ಗಂಗಾ ಎಂಬ ಸಾಧು ಗೃಹಿಣಿಯೊಳಗಿಂದ ನಾಗವಲ್ಲಿ ಎದ್ದು ಬರುವ ದೃಶ್ಯಗಳಲ್ಲಿ ಸೌಂದರ್ಯ ಅವರನ್ನು ಕಂಡ ಪ್ರೇಕ್ಷಕರಿಗೆ ಆಕೆ ಇಲ್ಲವೆಂಬ ಅರಿವು ಪ್ರತಿ ಚೌಕಟ್ಟಿನಲ್ಲೂ ಕಾಡಿತು. ವರ್ಷ ದಾಟಿ ಓಡಿದ ಆ ಚಿತ್ರದ ಯಶಸ್ಸನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ತೆಲುಗಿನಲ್ಲಿ ನಂದಮೂರಿ ಬಾಲಕೃಷ್ಣ ತಾವೇ ನಿರ್ದೇಶಿಸಲು ಹೊರಟಿದ್ದ ‘ನರ್ತನಶಾಲ’ದಲ್ಲಿ ಸೌಂದರ್ಯ ದ್ರೌಪದಿಯಾಗಿದ್ದರು. ಚಿತ್ರೀಕರಣ ಆರಂಭವಾಗಿ ಕೆಲವೇ ದಿನಗಳಾಗಿದ್ದವು. ಅವರ ಸಾವಿನ ನಂತರ ಆ ಪಾತ್ರಕ್ಕೆ ಬೇರೊಬ್ಬರನ್ನು ತರದೆ ಚಿತ್ರವನ್ನೇ ಕೈಬಿಡಲಾಯಿತು. ಹದಿನಾರು ವರ್ಷಗಳ ಬಳಿಕ, 2020ರ ಅಕ್ಟೋಬರ್‌ನಲ್ಲಿ, ಉಳಿದಿದ್ದ ಸುಮಾರು 17 ನಿಮಿಷಗಳ ದೃಶ್ಯಗಳನ್ನು ಜೋಡಿಸಿ ಅಂತರ್ಜಾಲದಲ್ಲಿ ಬಿಡುಗಡೆ ಮಾಡಲಾಯಿತು.